ಆಷಾಢದ ಗಾಳಿ, ಧುಪದಾಳದ ದಾರಿ

ಆಷಾಢದ ಮುಂಜಾನೆ. ಧುಪದಾಳದ ಒಡ್ಡಿನ ಹತ್ತಿರ ಸೈಕಲ್ ಏರಿ ಗೋಕಾಕ ಫಾಲ್ಸ್ ಕಡೆ ಹೊರಟಿದ್ದೀರಿ. ಇಲ್ಲಿ ನೆಲ ನೆನೆಯುವಷ್ಟೂ ಮಳೆಯಿಲ್ಲ. ಘಟಪ್ರಭಾ ಹೊಳೆ ಮಾತ್ರ ಕೆಂಪಗೆ ತುಂಬಿ 1897ರ ಒಡ್ಡನ್ನು ದಾಟಿ ಧುಮುಕುತ್ತಿದೆ. ಆಂಬೋಲಿ ಕಡೆಯಿಂದ ಬಂದ ಹಿರಣ್ಯಕೇಶಿಯೂ ಮೇಲೆಲ್ಲೋ ಘಟಪ್ರಭೆಗೆ ಸೇರಿದ್ದಾಳೆ. ಪಡುವಣ ಗಾಳಿ ತನ್ನ ನೀರನ್ನೆಲ್ಲ ಸಹ್ಯಾದ್ರಿಯಲ್ಲೇ ಸುರಿದು ಬಂದಿದೆ. ರಭಸವನ್ನಷ್ಟೇ ಈ ಬಯಲಿಗೆ ಉಳಿಸಿಕೊಂಡಿದೆ.

ಹಿನ್ನೀರಿನ ಬದಿಯಲ್ಲಿ ಗಾಳಿಗೆ ಅಡ್ಡ ನಿಲ್ಲುವಂಥದ್ದು ಏನೂ ಇಲ್ಲ. 1974ರಿಂದ ಪಕ್ಷಿಧಾಮವಾಗಿರುವ ಈ ನೀರಿಗೆ ದೂರದೇಶದ ಕೊಕ್ಕರೆಗಳು ಇಳಿಯುವುದು ಚಳಿಗಾಲದಲ್ಲಿ. ಆಗ ಬೀಸುವುದು ಮೂಡಣದ ತಣ್ಣನೆಯ ಮೆಲುಗಾಳಿ. ಈಗಿನದು ಹಾಗಲ್ಲ. ಪಕ್ಕದಿಂದ ಒಮ್ಮೆಲೆ ನುಗ್ಗಿ ಹ್ಯಾಂಡಲ್ ಎಳೆಯುತ್ತದೆ; ಸೈಕಲ್ಲನ್ನು ತುಸು ಗಾಳಿಯತ್ತಲೇ ವಾಲಿಸಿದರೆ ಮಾತ್ರ ನೇರ ಹೋಗುತ್ತದೆ. ಕಬ್ಬಿನ ಗದ್ದೆ ಬಂತೆಂದರೆ ಹೊಡೆತ ತಟ್ಟನೆ ನಿಲ್ಲುತ್ತದೆ. ಗದ್ದೆ ಮುಗಿದಲ್ಲಿ ಮತ್ತೆ ಶುರು.

ಕೊಣ್ಣೂರಿನ ದಾರಿ ಮೂಡಣಕ್ಕೆ ತಿರುಗುತ್ತಲೇ ಗಾಳಿ ಬೆನ್ನಿಗೆ ಬರುತ್ತದೆ. ಕಿವಿಯಲ್ಲಿನ ಸದ್ದು ಅಡಗುತ್ತದೆ. ಪೆಡಲ್ ಹಗುರ, ಕಾಲಲ್ಲಿ ಹೊಸ ಕಸುವು ಬಂದಂತೆ. ಚಹಾದಂಗಡಿಯ ಮುಂದೆ ಕೂತವರು ಕೂಗುತ್ತಾರೆ: “ಭಾಳ ಜೋರ್ ಹೊಂಟೀರಲ್ರೀ ಸರ! ಹೊಳ್ಳಿ ಬರೂಮುಂದ ಗೊತ್ತಾಕ್ಕೈತಿ!”

52 ಮೀಟರ್ ಮೇಲಿಂದ ಬೀಳುವ ಕೆಂಪು ನೀರನ್ನು ನೋಡಿ, ತುಂತುರಿಗೆ ತೊಯ್ದ ಅಂಗಿಯಲ್ಲಿ ಹೊಳ್ಳುತ್ತೀರಿ. ಈಗ ಗಾಳಿ ಎದೆಗೆ ನೇರ. ಒದ್ದೆ ಅಂಗಿ ಮೈಗೆ ಅಂಟಿ ಚಳಿ ಹುಟ್ಟಿಸುತ್ತದೆ, ಒಳಗೆ ಬೆವರು ಸುರಿಯುತ್ತಲೇ ಇದೆ. ಗಾಳಿಯಿಲ್ಲದ ದಿನ ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋದರೆ ಎದೆಗೆ ತಾಗುವ ಗಾಳಿಯೂ ಅಷ್ಟೇ ವೇಗದ್ದು. ಎದುರಿನಿಂದ 15 ಕಿ.ಮೀ. ಗಾಳಿ ಬೀಸಿದರೆ ತಾಗುವುದು 35. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅದೇ ವೇಗ ಉಳಿಸಿಕೊಳ್ಳಲು ಸುಮಾರು ಮೂರು ಪಟ್ಟು ತಡೆಯನ್ನು ಸೀಳಬೇಕು. ಅದು ಆಗದ ಮಾತು. ಗೇರ್ ಇಳಿಸಿ, ಮೊಣಕೈ ಮಡಚಿ, ತಲೆ ತಗ್ಗಿಸುತ್ತೀರಿ.

ಹೋಗುವಾಗ ಸಿಕ್ಕ ಲಾಭ ಬರುವಾಗಿನ ನಷ್ಟಕ್ಕೆ ವಜಾ ಆಯಿತು ಅನ್ನುವಂತೆಯೂ ಇಲ್ಲ. 10 ಕಿ.ಮೀ. ದಾರಿಯನ್ನು 25ರ ವೇಗದಲ್ಲಿ ಹೋದರೆ 24 ನಿಮಿಷ. 12ರ ವೇಗದಲ್ಲಿ ಬಂದರೆ 50. ಎರಡೂ ಕಡೆ 20ರಂತೆ ತುಳಿದಿದ್ದರೆ ಒಂದು ತಾಸಿನಲ್ಲಿ ಮುಗಿಯುತ್ತಿದ್ದ ದಾರಿಗೆ 74 ನಿಮಿಷ. ಎದುರುಗಾಳಿಯಲ್ಲಿ ಕಳೆಯುವ ಹೊತ್ತೇ ಹೆಚ್ಚು.

ಅಷ್ಟರಲ್ಲಿ ಜಿಟಿಜಿಟಿ ಹನಿ. ಅಡ್ಡದಾರಿಯ ಎರೆಮಣ್ಣು ಮಡ್‌ಗಾರ್ಡಿಗೆ ಮೆತ್ತಿ ಗಾಲಿ ಹಿಡಿಯುತ್ತದೆ, ಕಡ್ಡಿಯಿಂದ ಕೆದರಬೇಕು. ಮತ್ತೆ ಡಾಂಬರಿಗೆ ಬಂದಾಗ ಮುಂದೆ ಹಾಲಿನ ಕ್ಯಾನ್ ಕಟ್ಟಿದ ಸೈಕಲ್ಲೊಂದು ಕಾಣುತ್ತದೆ. ಹಿರಿಯರು, ಅವಸರವಿಲ್ಲದೆ ತುಳಿಯುತ್ತಿದ್ದಾರೆ.

“ನನ್ನ ಹಿಂದ ಹಿಂದ ಬರ್ರಿ” ಅನ್ನುತ್ತಾರೆ.

ಅವರ ಹಿಂದಿನ ಗಾಲಿಗೆ ಒಂದು ಮೊಳ ಬಿಟ್ಟು ಹಿಂಬಾಲಿಸುತ್ತೀರಿ. ಗಾಳಿಯನ್ನು ಅವರು, ಅವರ ಕ್ಯಾನು ಸೀಳುತ್ತಿರುವುದರಿಂದ ತೊಡೆಯ ಉರಿ ತಗ್ಗುತ್ತದೆ. ಸ್ವಲ್ಪ ಹೊತ್ತಿಗೆ ನೀವೇ ಮುಂದಾಗುತ್ತೀರಿ. ಈಗ ಅವರಿಗೆ ಮರೆ. ಹೊಲದ ದಾರಿಗೆ ತಿರುಗುವ ಮೊದಲು ಅವರು ಕಾಲೂರುತ್ತಾರೆ.

“ನಾಳೆ ಮೊದಲ ಗಾಳಿ ಬರೂ ದಿಕ್ಕಿಗೆ, ಹಿಡಕಲ್ ಕಡೆ ಹೋಗ್ರಿ. ಮೈಯಾಗ ಕಸುವು ಇದ್ದಾಗ ಗಾಳಿಗೆ ಎದುರಾಗಬೇಕು. ದಣಿದಮ್ಯಾಲ ಅದ ನಿಮ್ಮನ್ನ ಮನಿ ಮುಟ್ಟಸ್ತೈತಿ.”