ದಿನಕ್ಕೊಂದೇ ಜಾಗ

ಜಪಾನಿಗೆ ಹೋಗಿ ಬಂದೆ ಎಂದಾಗ ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೇಳಿದ್ದು, ಖರ್ಚೆಷ್ಟಾಯಿತು? ದ್ವಿತೀಯ ಪಿಯುಸಿ ಹುಡುಗಿಯರು ಕೇಳಿದ್ದು, ಮೇಡಂ, ಚೆರ್ರಿ ಹೂವು ಸಿಕ್ಕಿತಾ? ನನ್ನ ಮಟ್ಟಿಗೆ ಎರಡನೆಯದೇ ಸರಿಯಾದ ಪ್ರಶ್ನೆ. ಟಿಕೆಟ್ಟಿಗೆ ದುಡ್ಡು ಕೊಟ್ಟವರಿಗೆಲ್ಲ ಆ ಹೂವು ಸಿಗುವುದಿಲ್ಲ. ವಾರ್ತಾಪತ್ರಕ್ಕೆ ಏನಾದರೂ ಬರೆದುಕೊಡಿ ಎಂದು ನೀವು ಕೇಳಿದಾಗ, ನೋಡಿದ್ದಕ್ಕಿಂತ ಹೊರಡುವ ಮೊದಲಿನ ಆರು ತಿಂಗಳ ಲೆಕ್ಕಾಚಾರವೇ ಹೇಳಲು ಹೆಚ್ಚಿದೆ ಅನ್ನಿಸಿತು.

ನನ್ನ ತಮ್ಮ ಟೋಕಿಯೋ ಪಕ್ಕದ ಸೈತಾಮಾದಲ್ಲಿ ಕೆಲಸದಲ್ಲಿದ್ದಾನೆ. ಎರಡು ವರ್ಷದ ಹಿಂದೆ ಅಬ್ಬಾ ತೀರಿಕೊಂಡಾಗ ಅವನು ಊರು ಮುಟ್ಟುವಷ್ಟರಲ್ಲಿ ದಫನ್ ಮುಗಿದು ಒಂದು ದಿನ ಕಳೆದಿತ್ತು. ನಮ್ಮಲ್ಲಿ ಕಾಯುವುದಿಲ್ಲ, ಕಾಯಬಾರದು ಕೂಡ. ಅದು ಅವನಿಗೂ ಗೊತ್ತು. ಅಮ್ಮಿ ಅವನಿಗೆ ಒಂದು ಮಾತೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ಕಷ್ಟವಾಯಿತು. ಅವನು ಒಂದು ವಾರ ಇದ್ದು ವಾಪಸು ಹೋದ. ಆಮೇಲೆ ಪ್ರತಿ ಭಾನುವಾರ ಫೋನು: ಊಟ ಆಯ್ತಾ, ಆಯ್ತು, ಚಳಿ ಇದೆಯಾ, ಇದೆ, ಇಡ್ತೀನಿ. ಮೂರು ನಿಮಿಷ. ಹೀಗಿರುವಾಗ ಅವನೇ ಒಂದು ದಿನ, "ಆಪಾ, ಅಮ್ಮಿಯನ್ನು ಹೂವಿನ ಕಾಲದಲ್ಲಿ ಕರ್ಕೊಂಡು ಬಾ" ಅಂದ. ಅಮ್ಮಿಗೆ ಅರವತ್ತೆಂಟು, ಎರಡೂ ಮಂಡಿ ಸವೆದಿವೆ. ಒಬ್ಬರೇ ಅಂದರೆ ಬರುವುದಿಲ್ಲ ಎಂದು ಖಾಲಾರನ್ನೂ ಸೇರಿಸಿದೆವು. ತಮ್ಮ, ಅವನ ಹೆಂಡತಿ, ನಾನು, ಒಟ್ಟು ಐದು ಜನ.

ತಮ್ಮ ಕಳಿಸಿದ ಮೊದಲ ಪಟ್ಟಿ ನೋಡಿ ನನಗೇ ಸುಸ್ತಾಯಿತು. ಉಯೆನೋ ಪಾರ್ಕು, ಕ್ಯೋಟೋದ ತತ್ವಜ್ಞಾನಿಗಳ ಹಾದಿ, ಒಸಾಕಾ ಕೋಟೆ, ಅಲ್ಲಿಂದ ಮೇಲೆ ಹಕೋದಾತೆಯ ನಕ್ಷತ್ರಾಕಾರದ ಕೋಟೆ. ಒಂಬತ್ತು ದಿನಕ್ಕೆ ಹನ್ನೊಂದು ಜಾಗ. ಪರದೇಶದಲ್ಲಿರುವ ಮಕ್ಕಳಿಗೆ ತಂದೆತಾಯಿ ಬಂದಾಗ ಎಲ್ಲವನ್ನೂ ತೋರಿಸಿಬಿಡಬೇಕೆಂಬ ಆತುರ ಇರುತ್ತದೆ. ಅಮ್ಮಿಗೆ ಪಟ್ಟಿ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಇದರಲ್ಲಿ ಕೂರುವುದು ಎಲ್ಲಿ?" ಅಂದರು. ಆ ಪಟ್ಟಿ ಅಲ್ಲಿಗೇ ಮುಗಿಯಿತು. ದಿನಕ್ಕೊಂದೇ ಜಾಗ, ಮಧ್ಯಾಹ್ನ ಮಲಗಲು ಎರಡು ತಾಸು ಎಂದು ಹೊಸದಾಗಿ ಶುರು ಮಾಡಿದೆವು.

ಮುಂದಿನ ತೊಡಕು ಕ್ಯಾಲೆಂಡರಿನದು. ಇಲ್ಲಿ ಸ್ವಲ್ಪ ಜೀವಶಾಸ್ತ್ರ ಬರುತ್ತದೆ, ಸಹಿಸಿಕೊಳ್ಳಿ. ಜಪಾನಿನಲ್ಲಿ ಫೋಟೋಗಳಲ್ಲಿ ಕಾಣುವ ಬಹುಪಾಲು ಮರಗಳು 'ಸೊಮೇಯ್ ಯೊಶಿನೊ' ಎಂಬ ಒಂದೇ ತಳಿಯವು. ಎಲ್ಲವೂ ಕಸಿ ಮಾಡಿ ಬೆಳೆಸಿದವು, ಅಂದರೆ ಒಂದರ ತದ್ರೂಪು ಇನ್ನೊಂದು. ಅದಕ್ಕೇ ಒಂದು ಊರಿನ ಮರಗಳೆಲ್ಲ ಮಾತಾಡಿಕೊಂಡಂತೆ ಒಟ್ಟಿಗೆ ಅರಳುತ್ತವೆ, ಒಟ್ಟಿಗೆ ಉದುರುತ್ತವೆ. ಮೊಗ್ಗು ಹಿಂದಿನ ಬೇಸಿಗೆಯಲ್ಲೇ ಕಟ್ಟಿ ನಿದ್ದೆಗೆ ಹೋಗಿರುತ್ತದೆ. ಚಳಿ ಅದನ್ನು ನಿದ್ದೆಯಿಂದ ಎಬ್ಬಿಸುತ್ತದೆ, ಆಮೇಲಿನ ಬಿಸಿಲು ಅರಳಿಸುತ್ತದೆ. ಟೋಕಿಯೋ ಜನ ಒಂದು ಸರಳ ಲೆಕ್ಕ ಇಟ್ಟುಕೊಂಡಿದ್ದಾರೆ. ಫೆಬ್ರವರಿ 1ರಿಂದ ಪ್ರತಿ ದಿನದ ಗರಿಷ್ಠ ಉಷ್ಣಾಂಶವನ್ನು ಕೂಡುತ್ತಾ ಹೋಗಿ, ಮೊತ್ತ 600 ಡಿಗ್ರಿ ಮುಟ್ಟುವ ಹೊತ್ತಿಗೆ ಹೂವು. ಅಧಿಕೃತ ಘೋಷಣೆ ಮಾತ್ರ ಹವಾಮಾನ ಇಲಾಖೆಯದು. ಟೋಕಿಯೋದಲ್ಲಿ ಯಾಸುಕುನಿ ದೇಗುಲದ ಆವರಣದ ಒಂದು ಗೊತ್ತಾದ ಮರದಲ್ಲಿ ಐದಾರು ಹೂವು ಬಿಟ್ಟರೆ 'ಅರಳಿತು' ಎನ್ನುತ್ತಾರೆ. ಶೇಕಡಾ 80 ಮೊಗ್ಗು ಬಿರಿದರೆ 'ಪೂರ್ತಿ ಅರಳಿತು'. ಅಲ್ಲಿಂದ ಹೆಚ್ಚೆಂದರೆ ಒಂದು ವಾರ, ನಡುವೆ ಮಳೆಗಾಳಿ ಬಂದರೆ ಅದೂ ಇಲ್ಲ. 2023ರಲ್ಲಿ ಟೋಕಿಯೋದಲ್ಲಿ ಮಾರ್ಚ್ 14ಕ್ಕೇ ಅರಳಿತ್ತು, 2024ರಲ್ಲಿ ಮಾರ್ಚ್ 29ಕ್ಕೆ. ಹದಿನೈದು ದಿನದ ವ್ಯತ್ಯಾಸ! ಆರು ತಿಂಗಳ ಮೊದಲು ವಿಮಾನದ ಟಿಕೆಟ್ ತೆಗೆಸುವವರು ಏನು ಮಾಡಬೇಕು?

ನನಗಂತೂ ಮಾರ್ಚ್ ಕೊನೆ ಆಗುವಂತೆಯೇ ಇರಲಿಲ್ಲ. ಪರೀಕ್ಷೆ, ಅದರ ಬೆನ್ನಿಗೇ ಮೌಲ್ಯಮಾಪನ. ರಂಜಾನಿನಲ್ಲಿ ಪ್ರಯಾಣ ಬೇಡವೆಂದು ಅಮ್ಮಿಯೂ ಹೇಳಿದ್ದರು. ಆದರೆ ಹೂವು ದಕ್ಷಿಣದಿಂದ ಉತ್ತರಕ್ಕೆ ನಡೆದು ಹೋಗುತ್ತದೆ. ಕ್ಯುಶುವಿನಲ್ಲಿ ಮಾರ್ಚ್ ಕೊನೆಗೆ ಶುರುವಾದದ್ದು ಹೊಕ್ಕೈಡೊ ತಲುಪುವುದು ಏಪ್ರಿಲ್ ಕೊನೆ, ಮೇ ಮೊದಲ ವಾರಕ್ಕೆ. ಹಾಗಾಗಿ ಟೋಕಿಯೋ, ಕ್ಯೋಟೋ ಎರಡನ್ನೂ ಬಿಟ್ಟು ಉತ್ತರದ ಅವೊಮೊರಿ ಪ್ರಾಂತ್ಯದ ಹಿರೊಸಾಕಿಯನ್ನು ಹಿಡಿದೆವು. ಅಲ್ಲಿ ಹೂವು ಏಪ್ರಿಲ್ ಮೂರು-ನಾಲ್ಕನೇ ವಾರಕ್ಕೆ. ಏಪ್ರಿಲ್ 29ರಿಂದ ಜಪಾನೀಯರ ಸಾಲು ರಜೆ, 'ಗೋಲ್ಡನ್ ವೀಕ್' ಶುರುವಾಗುತ್ತದೆ. ಅಷ್ಟರೊಳಗೆ ನಾವು ಅಲ್ಲಿಂದ ಕಾಲ್ತೆಗೆಯಬೇಕು, ಇಲ್ಲದಿದ್ದರೆ ರೈಲು, ರೂಮು ಯಾವುದೂ ಸಿಗದು. ಕ್ಯೋಟೋ ಬಿಟ್ಟದ್ದಕ್ಕೆ ತಮ್ಮನ ಹೆಂಡತಿಗೆ ಬೇಸರವಾಯಿತು. ಸೀರೆ ಅಂಗಡಿಗೆ ಹೋಗಿ ಸೀರೆ ನೋಡದೆ ಬಂದಂತೆ ಅಂದಳು. ಅವಳ ಮಾತಿನಲ್ಲೂ ನ್ಯಾಯವಿತ್ತು, ಆದರೆ ಮಂಡಿ ಅವಳದಲ್ಲ.

ಹಿರೊಸಾಕಿ ಕೋಟೆಯ ಪಾರ್ಕಿನಲ್ಲಿ ಸುಮಾರು 2,600 ಚೆರ್ರಿ ಮರಗಳಿವೆ. ಅವೊಮೊರಿ ಜಪಾನಿನ ಸೇಬಿನ ನಾಡು. ಸೇಬಿನ ಗಿಡಕ್ಕೆ ಮಾಡುವಂತೆ ಇಲ್ಲಿನ ಮಾಲಿಗಳು ಚೆರ್ರಿಯ ಕೊಂಬೆಗಳನ್ನೂ ಸವರುತ್ತಾರೆ. ಅದರಿಂದ ಹೂಗೊಂಚಲು ದಟ್ಟವಾಗುವುದಲ್ಲದೆ ಮರದ ಆಯುಷ್ಯವೂ ಹೆಚ್ಚಿದೆ. ಸೊಮೇಯ್ ಯೊಶಿನೊ ಅರವತ್ತು ವರ್ಷದ ಮರ ಎಂಬ ಮಾತಿದೆ. ಇಲ್ಲಿ 1882ರಲ್ಲಿ ನೆಟ್ಟ ಮರ ಇಂದಿಗೂ ಹೂ ಬಿಡುತ್ತಿದೆ. ವಯಸ್ಸಾದ ಮರಗಳಿಗೆ ಊರುಗೋಲು ಕೊಟ್ಟಿರುವುದನ್ನು ನೋಡಿ ಖಾಲಾ, "ನಮ್ಮ ಹಾಗೇ" ಅಂದರು.

ಉಳಿದ ತಯಾರಿ ಬೇಗ ಹೇಳಿಬಿಡುತ್ತೇನೆ. ವೇಗದ ರೈಲಿನ ಟಿಕೆಟ್ ಒಂದು ತಿಂಗಳ ಮೊದಲು ಮಾತ್ರ ತೆರೆಯುತ್ತದೆ. ತಮ್ಮ ಓಮಿಯಾದಿಂದ ಐದು ಸೀಟು ಒಂದೇ ಕಡೆ ಹಿಡಿದ. ಪೆಟ್ಟಿಗೆಗಳನ್ನು ಕೊರಿಯರ್‌ನವರಿಗೆ ಕೊಟ್ಟರೆ ಮುಂಚಿತವಾಗಿ ರೂಮಿಗೇ ತಲುಪಿಸುತ್ತಾರೆ, ಕೈ ಬೀಸಿಕೊಂಡು ಹೋಗಬಹುದು. ಊಟದ್ದೇ ಯೋಚನೆ. ಮೀನು, ಅನ್ನಕ್ಕೆ ಬರವಿಲ್ಲ. ಆದರೆ ಅಡುಗೆಗೆ ಹಾಕುವ ಮಿರಿನ್, ಸಾಕೆ ಎರಡೂ ಮದ್ಯವೇ. ಅದಕ್ಕಾಗಿ ಅಡುಗೆಮನೆ ಇರುವ ಸಣ್ಣ ಮನೆಯನ್ನೇ ಐದು ರಾತ್ರಿಗೆ ಬಾಡಿಗೆಗೆ ತೆಗೆದುಕೊಂಡೆವು. ಮಾಂಸದ ಪದಾರ್ಥ ಯಾವುದನ್ನೂ ಜಪಾನಿನೊಳಗೆ ಬಿಡುವುದಿಲ್ಲ ಎಂದು ಹೇಳಿ ಖಾಲಾರ ಕೈಯಿಂದ ಒಣಮಾಂಸದ ಡಬ್ಬಿ ಬಿಡಿಸಲು ಒಂದು ಸಂಜೆಯೇ ಹಿಡಿಯಿತು. ಶಾವಿಗೆ, ಉಪ್ಪಿನಕಾಯಿ, ಚಹಾಪುಡಿ ಬಂದವು. ಬರುವಾಗ ಟೋಕಿಯೋದ ಯೊಯೊಗಿ ಉಯೆಹಾರದಲ್ಲಿರುವ ಟೋಕಿಯೋ ಜಾಮಿಯಲ್ಲಿ ಜುಮಾ ಆಗುವಂತೆ ದಿನ ಹೊಂದಿಸಿಕೊಂಡೆವು. 1938ರ ಮಸೀದಿ ಅದು, ಈಗಿನ ಕಟ್ಟಡ 2000ರದು. ಇನ್ನು, ಅಲ್ಲಿನ ಶೌಚಾಲಯದಲ್ಲಿ ಗುಂಡಿ ಒತ್ತಿದರೆ ನೀರು ಬರುತ್ತದೆ ಎಂಬುದು ಇಡೀ ಪ್ರವಾಸದಲ್ಲಿ ಖಾಲಾ ಅತಿ ಹೆಚ್ಚು ಹೊಗಳಿದ ವಿಷಯ.

ಜಪಾನೀಯರು ಹೂವು ನೋಡುವುದೆಂದರೆ ಮರದ ಕೆಳಗೆ ನೀಲಿ ಟಾರ್ಪಾಲು ಹಾಸಿ ಬುತ್ತಿ ಬಿಚ್ಚುವುದು. ನಮ್ಮವರು ಕೆಳಗೆ ಕೂತರೆ ಏಳುವುದಿಲ್ಲ. ಅದಕ್ಕೆ ಮಡಚುವ ಸ್ಟೂಲು ಕೊಂಡೆವು. ಮೊದಲ ದಿನ ಹೊರಕಂದಕದ ಪಕ್ಕ, ಎರಡನೇ ದಿನ ಇವಾಕಿ ಪರ್ವತ ಕಾಣುವ ಕಡೆ. ಹಿಮ ಇನ್ನೂ ಕರಗಿರಲಿಲ್ಲ, ಚಳಿಗೆ ಅಮ್ಮಿ ಎರಡು ಶಾಲು ಹೊದ್ದಿದ್ದರು. ಹೂವಿನ ಬಣ್ಣ ಫೋಟೋದಷ್ಟು ಗುಲಾಬಿ ಅಲ್ಲ, ಹೆಚ್ಚು ಬಿಳಿಯೇ. ಆ ಎರಡು ದಿನವೂ ತಮ್ಮ ನಿಲ್ಲಲಿಲ್ಲ, ಕೂರಲಿಲ್ಲ, ಅಮ್ಮಿಗೆ ಇದು ಬೇಕಾ ಅದು ಬೇಕಾ ಎಂದು ಸುತ್ತುತ್ತಲೇ ಇದ್ದ.

ಮೂರನೇ ದಿನಕ್ಕೆ ನಾವು ಏನನ್ನೂ ಇಟ್ಟುಕೊಂಡಿರಲಿಲ್ಲ. ಪಟ್ಟಿಯಲ್ಲಿ ಅದು ಖಾಲಿ ಚೌಕ. ರಾತ್ರಿ ಗಾಳಿ ಬೀಸಿತ್ತು. ಬೆಳಿಗ್ಗೆ ಹೋದರೆ ಕಂದಕದ ನೀರು ಕಾಣದಷ್ಟು ಎಸಳು ತೇಲುತ್ತಿತ್ತು. ತೋರಿಸುವುದಕ್ಕೆ ಏನೂ ಉಳಿದಿರಲಿಲ್ಲವಾದ್ದರಿಂದ ತಮ್ಮ ಅಮ್ಮಿಯ ಪಕ್ಕದ ಸ್ಟೂಲಿನಲ್ಲಿ ಕೂತ. ಬಹಳ ಹೊತ್ತು ಇಬ್ಬರೂ ನೀರನ್ನೇ ನೋಡಿದರು. ಆಮೇಲೆ ಅಮ್ಮಿ, "ಆವತ್ತು ನಿನಗೆ ಸುದ್ದಿ ತಲುಪಿದಾಗ ಎಲ್ಲಿದ್ದೆ ಬೇಟಾ?" ಎಂದು ಕೇಳಿದರು. ಎರಡು ವರ್ಷದಲ್ಲಿ ಮೊದಲ ಸಲ.

ನಾನು ಖಾಲಾರ ಕೈ ಹಿಡಿದು ಎಬ್ಬಿಸಿದೆ. ಚಹಾ ತರೋಣ ಎಂದೆ. ಯಂತ್ರದಿಂದ ಬಿಸಿ ಚಹಾದ ಡಬ್ಬಿಗಳನ್ನು ತೆಗೆದುಕೊಂಡು, ಸೇಬಿನ ಅಂಗಡಿಯ ಮುಂದೆ ನಿಂತು, ಸುಮ್ಮನೆ ಬೆಲೆ ಕೇಳಿ, ಒಂದು ದೊಡ್ಡ ಸುತ್ತು ಹಾಕಿಕೊಂಡು ಬಂದೆವು. ಅವರು ಇನ್ನೂ ಮಾತಾಡುತ್ತಲೇ ಇದ್ದರು. ಡಬ್ಬಿಗಳು ತಣ್ಣಗಾಗಿದ್ದವು. ಖಾಲಾ ಏನೂ ಹೇಳದೆ ತಮ್ಮ ಚೀಲದಿಂದ ಚಿಲ್ಲರೆ ತೆಗೆದು, ಇನ್ನೊಂದು ಸುತ್ತಿಗೆ ನನ್ನ ಕೈಗಿಟ್ಟರು.