ಅಜ್ಜಿಯ ಕೈಬೆರಳುಗಳು

ಅಣ್ಣತಮ್ಮಂದಿರಾದ ನಾವಿಬ್ಬರೂ ಗೂಡಲೂರಿನಿಂದ ಗುಂಡ್ಲುಪೇಟೆಗೆ ಓದಲು ಹೊರಟ ದಿನ ಅಜ್ಜಿಯೊಡನೆ ತೆಗೆಸಿದ ಕಪ್ಪು-ಬಿಳುಪಿನ ಭಾವಚಿತ್ರವೊಂದು ಮನೆಯಲ್ಲಿದೆ. ಫಿಲ್ಮು ‘ಇಂದು’, ಉದಕಮಂಡಲದಲ್ಲಿ 1960ರಲ್ಲಿ ಸ್ಥಾಪನೆಯಾಗಿ, ಈಗ ಮುಚ್ಚಿಹೋಗಿರುವ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯದು.

ಅಂದು ಅಂಗಳದ ತುಂಬ ಮಂಜು. ಮಂಜು ಬೆಳಕನ್ನು ಎಲ್ಲೆಡೆ ಹರಡುವುದರಿಂದ ಮುಖಗಳ ಮೇಲೆ ಗಾಢವಾದ ನೆರಳಿಲ್ಲ. ಹಿಂದಿನ ಚಹಾ ಗಿಡಗಳು ಮಾಸಿ, ನಾವು ಮೂವರೇ ಎದ್ದು ಕಾಣುತ್ತೇವೆ. ಅಜ್ಜಿಯ ಮುಖ ಬಿಗಿದಿದೆ. ಅದು ಕೋಪವೆಂದೇ ಬಹುಕಾಲ ತಿಳಿದಿದ್ದೆವು. (ಆಗೆಲ್ಲ ಕ್ಯಾಮೆರಾದ ಮುಂದೆ ನಗುತ್ತಿದ್ದವರಾದರೂ ಯಾರು?)

ಆದರೆ ಚಿತ್ರದ ನಟ್ಟನಡುವೆ ಇರುವುದು ಆಕೆಯ ಮುಖವಲ್ಲ, ನಮ್ಮ ಹೆಗಲ ಮೇಲಿನ ಕೈಗಳು. ಬೆರಳುಗಳು ನಮ್ಮ ಅಂಗಿಗಳನ್ನು ಮುದುರಿ ಹಿಡಿದಿವೆ. ಇದು ನಮ್ಮ ಕಣ್ಣಿಗೆ ಬಿದ್ದದ್ದು ಅಜ್ಜಿ ತೀರಿಕೊಂಡ ಮೇಲೆ. ‘ಬಸ್ಸಿಗೆ ಹೊತ್ತಾಯಿತು, ಹೊರಡಿ’ ಎಂದು ಅಂದು ಅವಸರಪಡಿಸಿದವಳೂ ಆಕೆಯೇ.