ಟೀಮಿನ ಜೊತೆ ಬಂದೋರು

"ಆಡೋರಾ, ಟೀಮಿನ ಜೊತೆ ಬಂದೋರಾ?"

ಹೊಳಲ್ಕೆರೆ ತಾಲ್ಲೂಕಿನ ಯಾವ ಹಳ್ಳಿಯ ಕಬಡ್ಡಿ ಪಂದ್ಯಾವಳಿಗೆ ಹೋಗಿ ಗಾಡಿ ಇಳಿದರೂ ನನಗೆ ಮೊದಲು ಎದುರಾಗುವ ಪ್ರಶ್ನೆ ಇದು. ನೋಟ್‌ಬುಕ್ ಹಿಡಿದ ಹುಡುಗನೊಬ್ಬ ಒಬ್ಬೊಬ್ಬರನ್ನೇ ಕೇಳುತ್ತಾ ಬರುತ್ತಾನೆ. ಆಡುವವರ ಹೆಸರು ಅಂಪೈರ್ ಕೈಗೆ ಹೋಗುತ್ತದೆ, ಜೊತೆಗೆ ಬಂದವರ ಲೆಕ್ಕ ಅಡುಗೆಯವರಿಗೆ. ಹದಿನೆಂಟು ವರ್ಷದಿಂದ ನಾನು ಆ ಎರಡನೆಯ ಲೆಕ್ಕದಲ್ಲಿದ್ದೇನೆ.

ನಮ್ಮದು ಹೊಸದುರ್ಗದ ಕಡೆಯ ಊರು. ತೆಂಗು, ದಾಳಿಂಬೆ, ಗುಡ್ಡದ ನೆತ್ತಿಯಲ್ಲಿ ತಿರುಗುವ ಗಾಳಿಯಂತ್ರ. ಪಂದ್ಯಾವಳಿ ಇದ್ದ ದಿನ ಮಧ್ಯಾಹ್ನವೇ ಎರಡು ಲಗೇಜ್ ಗಾಡಿಗಳಿಗೆ ತಾಡಪಾಲು ಹಾಸಿ ಸಿದ್ಧ ಮಾಡುತ್ತೇವೆ. ಒಂದರಲ್ಲಿ ಆಟಗಾರರು, ಇನ್ನೊಂದರಲ್ಲಿ ನಾವು. ಹೊಳಲ್ಕೆರೆ ಬಂದಾಗ ಎಲ್ಲರೂ ಇಳಿದು ಬಯಲು ಗಣಪತಿಗೆ ಕೈಮುಗಿಯಬೇಕು, ಕ್ಯಾಪ್ಟನ್ ಕಾಯಿ ಒಡೆಯಬೇಕು. ಕಾಯಿ ನಮ್ಮ ತೋಟದ್ದೇ ಆಗಿರಬೇಕು. ಅಲ್ಲಿಂದ ಮುಂದೆ ರಾಮಗಿರಿಯ ಕಡೆಗೋ ತಾಳ್ಯದ ಕಡೆಗೋ ಚಿಕ್ಕಜಾಜೂರಿನ ಕಡೆಗೋ, ಪಾಂಪ್ಲೆಟಿನಲ್ಲಿರುವ ಊರು ಕೇಳಿಕೊಂಡು ಹೋಗುವುದು. ರಸ್ತೆಯ ಬದಿಗೆ ಅಡಿಕೆ ತೋಟ ಶುರುವಾಯಿತೆಂದರೆ ಗಾಡಿಯೊಳಗಿನ ಮಾತು ತಾನಾಗಿ ಇಳಿಯುತ್ತದೆ. ಪರಸೀಮೆಗೆ ಬಂದೆವು ಅನ್ನುವುದು ಬಾಯಿಗಿಂತ ಮೊದಲು ಮೈಗೆ ಗೊತ್ತಾಗುತ್ತದೆ.

ಈ ಕಡೆ ಬಂದಾಗಲೆಲ್ಲ ನನಗೆ ನಮ್ಮ ಹೈಸ್ಕೂಲಿನ ಪಿ.ಟಿ. ಮೇಷ್ಟ್ರು ನೆನಪಾಗುತ್ತಾರೆ. ಅವರು ಇದೇ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ಕಲಿತು ಬಂದವರು. 1943ರಲ್ಲಿ ಅಲ್ಲಿ ಅನಾಥ ಸೇವಾಶ್ರಮ ಕಟ್ಟಿದ ರಾಘವೇಂದ್ರ ಸ್ವಾಮೀಜಿ, 'ತಿರುಕ' ಎಂಬ ಹೆಸರಿನಲ್ಲಿ ಬರೆಯುತ್ತಿದ್ದವರು, ಜೋಳಿಗೆ ಹಿಡಿದು ಬೇಡಿ ತಂದದ್ದರಲ್ಲಿ ಆಶ್ರಮ ಬೆಳೆಸಿದವರು. 1996ರಲ್ಲಿ ತೀರಿಕೊಂಡರು. ಯೋಗವನ್ನೂ ವ್ಯಾಯಾಮವನ್ನೂ ಅವರು ಹಳ್ಳಿಯ ಮಕ್ಕಳ ಕೈಗೆ ಕೊಟ್ಟರು ಎಂದು ಹೇಳುವಾಗ ನಮ್ಮ ಮೇಷ್ಟ್ರ ದನಿ ಬದಲಾಗುತ್ತಿತ್ತು. ಬೆಳಗ್ಗೆ ಐದೂವರೆಗೆ ನಮ್ಮನ್ನು ಸಾಲಾಗಿ ಕೂರಿಸಿ, "ಮೊದ್ಲು ಉಸಿರು ಹಿಡಿಯೋದು ಕಲೀರಿ, ಕೈಕಾಲು ಆಮೇಲೆ ಬರ್ತವೆ" ಅನ್ನುತ್ತಿದ್ದರು. ಕಬಡ್ಡಿಯಲ್ಲಿ ಒಂದು ರೈಡಿಗೆ 30 ಸೆಕೆಂಡು. ಅಷ್ಟು ಹೊತ್ತು ಎದುರಾಳಿಗಳ ನಡುವೆ ಒಂದೇ ಉಸಿರಿನಲ್ಲಿ ಇರಬೇಕು. ಆ ಮಾತು ಸತ್ಯ ಎಂದು ತಿಳಿಯಲು ಒಂದೇ ಒಂದು ರೈಡು ಸಾಕು.

ಕಳೆದ ಚಳಿಗಾಲದಲ್ಲಿ ನಾವು ಹೋದದ್ದು 60 ಕೆ.ಜಿ. ಒಳಗಿನವರ ಪಂದ್ಯಾವಳಿಗೆ. ಶಾಲೆಯ ಜಗುಲಿಯಲ್ಲಿ ಅಡಿಕೆ ಚೀಲ ತೂಗುವ ಕಾಟಾ ಇಟ್ಟಿದ್ದರು. ಹುಡುಗರು ಅಂಗಿ ಕಳಚಿ ಒಬ್ಬೊಬ್ಬರಾಗಿ ಹತ್ತಿದರು. ನಮ್ಮ ಎಡಗಡೆ ಕಾರ್ನರಿನ ಹುಡುಗ ಹತ್ತಿದಾಗ ಅಂಕಿ 60.3ಕ್ಕೆ ನಿಂತಿತು. ಅವನು ಅಳುವುದೊಂದು ಬಾಕಿ. ಎರಡು ಸ್ವೆಟರ್ ತೊಡಿಸಿ ಮೈದಾನದ ಸುತ್ತ ಓಡಿಸಿದೆವು. ಸ್ವಲ್ಪ ಹೊತ್ತಿಗೆ ನೋಡಿದರೆ ಅವನ ಜೊತೆ ಇನ್ನಿಬ್ಬರು ಓಡುತ್ತಿದ್ದಾರೆ, ಆ ಊರಿನವರೇ. ಯಾಕಪ್ಪಾ ಎಂದರೆ, "ಒಬ್ನೇ ಓಡಿದ್ರೆ ಬೇಜಾರಾಗ್ತತಣ್ಣ" ಅಂದರು. ಮುಕ್ಕಾಲು ಗಂಟೆಯ ಮೇಲೆ ಕಾಟಾ 59.9 ತೋರಿಸಿದಾಗ ನಮಗಿಂತ ಜೋರಾಗಿ ಕೂಗಿದವರೂ ಆ ಇಬ್ಬರೇ.

ನಾನು ಅಂಕಣ ನೋಡಲು ಹೋದೆ. ಎಲ್ಲಿಗೆ ಹೋದರೂ ಮೊದಲು ಮಾಡುವ ಕೆಲಸ ಅದು. 13 ಮೀಟರ್ ಉದ್ದ, 10 ಮೀಟರ್ ಅಗಲ, ಅಷ್ಟೇ ಜಾಗ. ತೋಟದ ಕೆಮ್ಮಣ್ಣನ್ನು ಜರಡಿ ಹಿಡಿದು ಹರಡಿ, ನೀರು ಚಿಮುಕಿಸಿ, ಹದಕ್ಕೆ ತಂದಿದ್ದರು. ಗೆರೆಗಳಿಗೆ ಬಿಳಿ ನವಾರು ಪಟ್ಟಿ. ಒಬ್ಬ ಅಜ್ಜ ಕುಕ್ಕರುಗಾಲಿನಲ್ಲಿ ಕೂತು ಅಂಗೈಯನ್ನು ಮಣ್ಣಿನ ಮೇಲೆ ಮೆಲ್ಲಗೆ ಆಡಿಸುತ್ತಿದ್ದರು. ಕೈಗೆ ಹರಳು ತಗುಲಿದರೆ ಹೆಕ್ಕಿ ಪಂಚೆಯ ಮಡಿಲಿಗೆ ಹಾಕಿಕೊಳ್ಳುವರು, ಒಂದು ಗೇಣು ಮುಂದೆ ಸರಿಯುವರು. ಹೀಗೇ ಅರ್ಧ ಅಂಕಣ ಮುಗಿದಿತ್ತು.

"ಜರಡಿ ಹಿಡಿದೈತಲ್ಲಜ್ಜಾ, ಇನ್ನೇನ್ ಹುಡುಕ್ತೀರಿ?" ಅಂದೆ.

"ಜರಡಿಗೆ ಮಂಡಿ ಇಲ್ಲ ಕಣಪ್ಪಾ" ಅಂದರು. ಆಮೇಲೆ ನನ್ನ ಮುಖ ನೋಡಿ, "ಯಾವೂರ್ ಹುಡುಗ್ರಾದ್ರೇನು" ಎಂದು ಸೇರಿಸಿದರು. ನಾನೂ ಎದುರಿನ ಅರ್ಧದಲ್ಲಿ ಕೂತು ಅಂಗೈ ಆಡಿಸತೊಡಗಿದೆ. ಕತ್ತಲಾಗುವುದರೊಳಗೆ ನನ್ನ ಮುಷ್ಟಿ ತುಂಬ ಹರಳು ಸಿಕ್ಕಿತು.

2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲೆ ನಮ್ಮ ಹುಡುಗರ ಆಟ ಬದಲಾಗಿದೆ. 2019ರ ಜನವರಿ 5ರ ರಾತ್ರಿ ಬೆಂಗಳೂರು ಬುಲ್ಸ್ ಫೈನಲ್ ಗೆದ್ದಾಗ ನಮ್ಮೂರ ಅರಳಿಕಟ್ಟೆಯಲ್ಲಿ ಪಟಾಕಿ ಹೊಡೆದಿದ್ದೆವು. ಪವನ್ ಸೆಹ್ರಾವತ್ ಒಬ್ಬನೇ 22 ಪಾಯಿಂಟ್ ತಂದ ಆ ಆಟವನ್ನು ಹುಡುಗರು ಮೊಬೈಲಿನಲ್ಲಿ ಈಗಲೂ ನೋಡುತ್ತಾರೆ. ಮ್ಯಾಟಿನ ಮೇಲೆ ಮೊಣಕೈ ತರಚುವುದು ಕಡಿಮೆ, ಅದು ಬಂದದ್ದು ಒಳ್ಳೆಯದೇ. ಆದರೆ ಮ್ಯಾಟನ್ನು ಮಳೆ ಬಿಸಿಲಿಗೆ ಬಿಡುವ ಹಾಗಿಲ್ಲ, ಅದಕ್ಕೆ ಸೂರು ಬೇಕು, ಕಾಯುವವರು ಬೇಕು, ದುಡ್ಡು ಬೇಕು. ಮಣ್ಣಿನ ಅಂಕಣಕ್ಕೆ ಒಂದು ಬಯಲು ಮತ್ತು ಹರಳು ಹೆಕ್ಕುವ ಒಬ್ಬ ಅಜ್ಜ ಇದ್ದರೆ ಆಯಿತು. ಊರೂರಲ್ಲಿ ಈಗ ಕಡಿಮೆಯಾಗುತ್ತಿರುವುದು ಆ ಬಯಲೇ. ಶಾಲೆಯ ಮೈದಾನದಲ್ಲಿ ಒಂದು ಕಟ್ಟಡ ಎದ್ದರೆ ಊರಿಗೆ ಅನುದಾನ ಬಂತು ಎಂದು ಸಂತೋಷಪಡುತ್ತೇವೆ. ಹೋದ ಮೈದಾನದ ಲೆಕ್ಕ ಯಾರೂ ಬರೆದಿಡುವುದಿಲ್ಲ. ಇದು ನನಗೆ ನಿಜವಾಗಿ ನೋವು ಕೊಡುವ ಸಂಗತಿ.

ರಾತ್ರಿ ಎಂಟಕ್ಕೆ ಆಟ ಶುರು. ಇಂಗ್ಲೆಂಡಿನ ಫುಟ್‌ಬಾಲ್ ಮೈದಾನಗಳಲ್ಲಿ ಹೊರಗಿನಿಂದ ಬಂದ ಬೆಂಬಲಿಗರಿಗೆ ಬೇರೆ ಬಾಗಿಲು, ಬೇರೆ ಗ್ಯಾಲರಿ, ನಡುವೆ ಕಾವಲು. ಇಲ್ಲಿ ಅಂಕಣದ ಸುತ್ತ ಟ್ರ್ಯಾಕ್ಟರ್ ಟ್ರೈಲರ್‌ಗಳನ್ನು ನಿಲ್ಲಿಸಿದ್ದರು, ಅದೇ ಗ್ಯಾಲರಿ. ನಾನು ಹತ್ತಿದ ಟ್ರೈಲರಿನಲ್ಲಿ ಪೂರ್ತಿ ಆ ಊರಿನ ಒಂದು ಮನೆಯವರಿದ್ದರು. ಸರಿದು ಜಾಗ ಕೊಟ್ಟರು. ಅವರ ಊರಿನ ವಿರುದ್ಧ ನಾನು ಕೂಗುತ್ತಿದ್ದಾಗಲೇ ಆ ಮನೆಯ ಅಕ್ಕ ಮಂಡಕ್ಕಿಯ ಪೊಟ್ಟಣ ನನ್ನ ಕಡೆ ಚಾಚಿ, "ಮೆಣಸಿನ್ಕಾಯಿನೂ ಐತೆ ತಗಳ್ರಿ, ಗಂಟ್ಲು ಒಣಗ್ತತೆ" ಅಂದರು.

ಸೆಮಿಫೈನಲ್ಲಿನಲ್ಲಿ ನಮಗೂ ಆ ಊರಿಗೂ ಬಿತ್ತು. ಅವರ ಬಲಗಡೆ ಕಾರ್ನರಿನ ಹುಡುಗ ಸಣಕಲ, ಆದರೆ ಅವನ ಕೈಗೆ ಪಾದ ಸಿಕ್ಕಿದರೆ ಮುಗಿಯಿತು. ನಮ್ಮ ರೈಡರನ್ನು ಮೂರು ಸಲ ಕೆಡವಿದ. ಮೊದಲರ್ಧ ಪೂರ್ತಿ ನಾನು ಅವನನ್ನೇ ಗುರಿಮಾಡಿ ಕೂಗಿದೆ, ಕೆಲವು ಮಾತು ಒರಟಾಗಿಯೇ ಬಂದವು. ಎರಡನೆಯ ಅರ್ಧದ ಕೊನೆಯ ಹೊತ್ತಿಗೆ ಅವರು 22, ನಾವು 21. ಎರಡು ರೈಡು ಖಾಲಿ ಹೋಗಿ ನಮಗೆ ಡು ಆರ್ ಡೈ. ನಮ್ಮ ರೈಡರ್ ಒಳಗೆ ಹೋದ. ನಾಲ್ಕು ಹೆಜ್ಜೆ ಹಾಕಿದ್ದನೋ ಇಲ್ಲವೋ, ಕರೆಂಟ್ ಹೋಯಿತು.

ಆ ಕತ್ತಲು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಮೈಕು ಸತ್ತಿತ್ತು, ಅಷ್ಟು ಜನವೂ ಒಮ್ಮೆಗೇ ಸುಮ್ಮನಾದರು. ಆ ಮೌನದ ನಡುವಿನಿಂದ ಒಂದೇ ದನಿ ಕೇಳುತ್ತಿತ್ತು: ಕಬಡ್ಡಿ ಕಬಡ್ಡಿ ಕಬಡ್ಡಿ. ಹುಡುಗ ಉಸಿರು ಬಿಟ್ಟಿರಲಿಲ್ಲ. ಆಮೇಲೆ ಮಣ್ಣಿನ ಮೇಲೆ ಕಾಲು ಜಾರಿದ ಸದ್ದು, ಅಂಪೈರ್ ಸೀಟಿ. ಯಾರೋ ಟ್ರ್ಯಾಕ್ಟರ್ ಚಾಲೂ ಮಾಡಿದರು, ಇನ್ನೊಬ್ಬರು ಮಾಡಿದರು, ನಾಲ್ಕೈದು ಹೆಡ್‌ಲೈಟು ಅಂಕಣಕ್ಕೆ ಬಿದ್ದವು. ನಮ್ಮವನು ನಡುಗೆರೆಯ ಈಚೆ ನಿಂತು ಏದುಸಿರು ಬಿಡುತ್ತಿದ್ದ.

"ಟಚ್ ಆಯ್ತಾ?" ಅಂಪೈರ್ ಕೇಳಿದರು.

"ಆಯ್ತು ಸರ್, ರೈಟ್ ಕಾರ್ನರ್."

ನೋಡಿದವರು ಯಾರೂ ಇಲ್ಲ. ಎರಡೂ ಕಡೆ ಗದ್ದಲ ಎದ್ದಿತು. ರೈಡು ಮತ್ತೆ ಆಡಿಸಿ ಎಂದು ಅವರು, ಪಾಯಿಂಟ್ ಕೊಡಿ ಎಂದು ನಾವು. ಅಷ್ಟರಲ್ಲಿ ಆ ಸಣಕಲ ಹುಡುಗ ಕೈ ಎತ್ತಿದ. ಎತ್ತಿದ ಕೈ ಇಳಿಸದೆ ಗೆರೆ ದಾಟಿ ಹೊರಗೆ ಹೋಗಿ ಕೂತ. ಅವನ ಕಡೆಯವರೇ ಒಂದಿಬ್ಬರು ಬೈದರು. ಹರಳು ಹೆಕ್ಕುತ್ತಿದ್ದ ಅಜ್ಜ ಗೆರೆಯ ಪಕ್ಕದಿಂದಲೇ, "ಸುಮ್ಕಿರ್ರಲೇ, ತಾಗಿದ್ದು ಅವ್ನಿಗೆ ಗೊತ್ತಿಲ್ವಾ?" ಎಂದು ಗದರಿದರು.

ತಾಗಿದರೆ ತಾನೇ ಕೈ ಎತ್ತುವುದು ಕಬಡ್ಡಿಯಲ್ಲಿ ಹಳೆಯ ಪದ್ಧತಿ. ಟಿವಿಯ ಆಟದಲ್ಲಿ ಈಗ ರಿವ್ಯೂ ಇದೆ, ನಾಲ್ಕು ಕಡೆಯಿಂದ ಕ್ಯಾಮೆರಾ ಇದೆ. ಆ ರಾತ್ರಿ ಅಲ್ಲಿದ್ದದ್ದು ಕತ್ತಲು ಮಾತ್ರ.

ನಾವು 23–25ರಲ್ಲಿ ಸೋತೆವು.

ಊಟ ಶಾಲೆಯ ಹಿಂದುಗಡೆ. ಮುದ್ದೆ, ಅವರೆಕಾಳು ಸಾರು, ಅನ್ನ. ನಮ್ಮ ಪಂಕ್ತಿಗೆ ಸಾರಿನ ಬಕೆಟ್ ಹಿಡಿದು ಬಂದವನು ಅದೇ ಹುಡುಗ. ಫೈನಲ್ ಇನ್ನೂ ಬಾಕಿ ಇತ್ತು, ಮಂಡಿಗೆ ಬಟ್ಟೆ ಸುತ್ತಿಕೊಂಡಿದ್ದ. ನಾನು ಕೂಗಿದ್ದೆಲ್ಲ ಅವನಿಗೆ ಕೇಳಿಸಿತ್ತು, ಮುಖ ನೋಡಿದರೆ ಗೊತ್ತಾಗುತ್ತಿತ್ತು. "ತಪ್ಪು ತಿಳ್ಕೋಬೇಡ ತಮ್ಮಾ" ಅಂದೆ.

"ಅಯ್ಯೋ, ನೀವು ಟೀಮಿನ ಜೊತೆ ಬಂದೋರಲ್ವಾ ಅಣ್ಣ, ಕೂಗ್ದೆ ಇರಕ್ಕಾಗ್ತತಾ?" ಎಂದು ಇನ್ನೊಂದು ಸೌಟು ಸಾರು ಬಡಿಸಿದ.

ಈ ಯುಗಾದಿ ಕಳೆದ ಮೇಲೆ ಪಂದ್ಯಾವಳಿ ನಮ್ಮೂರಲ್ಲಿ. ಶಾಲೆಯ ಮೈದಾನ ನಮಗಿನ್ನೂ ಉಳಿದಿದೆ. ಕೆಮ್ಮಣ್ಣು ಬಂದು ಬಿದ್ದಿದೆ, ಜರಡಿ ಹಿಡಿದಾದ ಮೇಲೆ ಹರಳು ಹೆಕ್ಕುವ ಕೆಲಸ ನಾನು ಒಪ್ಪಿಕೊಂಡಿದ್ದೇನೆ. ಹೊಳಲ್ಕೆರೆ ಕಡೆಯ ಆ ಊರಿಗೂ ಪಾಂಪ್ಲೆಟ್ ಹೋಗಿದೆ, ಜೊತೆಗೆ ಎಷ್ಟು ಜನ ಬರುತ್ತೀರಿ ಎಂದು ಮೊದಲೇ ತಿಳಿಸಿ ಎಂದು ಕೇಳಿದ್ದೇವೆ. ನಿಮ್ಮೂರಲ್ಲೂ ಒಂದು ಟೀಮು ಇದ್ದೇ ಇರುತ್ತದೆ. ಮುಂದಿನ ಸಲ ಅದು ಹೊರಟಾಗ ಗಾಡಿ ಹತ್ತಿ, ಜಾಗ ಮಾಡಿ ಕೊಡುತ್ತಾರೆ.